ಮರಗಂಟೆಯ ಮನೆ

ಒಣಗಿದ ಸಾಗವಾನಿ ಹಲಗೆಗೆ ಕಬ್ಬಿಣದ ಬಳೆ ಬಡಿಯುವ ಸದ್ದು ಇಂಪಾದದ್ದೇನಲ್ಲ. ಕಟಕಟ ಎಂದು ಹಲ್ಲಿಗೆ ತಾಗುತ್ತದೆ. ಆದರೂ ಬಡಗಿಯ ಅಂಗಡಿ ಮುಂದೆ ಅಂಥ ಸದ್ದು ಕೇಳಿದರೆ ಯಲ್ಲಾಪುರದ ಹೆದ್ದಾರಿ ಪಕ್ಕದಲ್ಲಿದ್ದ ನಮ್ಮ ಮನೆ, ಅದರ ಬಾಗಿಲ ಹಿಂದಿನ ಮೊಳೆ, ಮೊಳೆಗೆ ನೇತುಹಾಕಿದ, ಹಲಗೆಗೆ ಬಳೆ ಜೋಡಿಸಿದ ಮರಗಂಟೆ ಕಣ್ಣಿಗೆ ಕಟ್ಟುತ್ತವೆ. ನಿಮಗೂ ಇಂಥದೊಂದು ಸದ್ದು ಇದ್ದೀತು. ಯೇಸು ಶಿಲುಬೆಗೇರಿದ ದುಃಖಕ್ಕೆ ಪವಿತ್ರ ಗುರುವಾರ ಸಂಜೆಯಿಂದ ಈಸ್ಟರ್ ಪೂಜೆಯವರೆಗೆ ಇಗರ್ಜಿಯ ಗಂಟೆ ಬಾರಿಸುವಂತಿಲ್ಲ. ಆಗ ಮರಗಂಟೆ ಬಡಿಯುತ್ತ ಕ್ರೈಸ್ತರ ಮನೆಮನೆಗೆ ಹೋಗಿ ಪ್ರಾರ್ಥನೆಗೆ ಕರೆಯುವ ಕೆಲಸ ನಮ್ಮ ಮನೆಯದಾಗಿತ್ತು. ಅಜ್ಜ ಮಾಡಿದ್ದ, ಅವನ ನಂತರ ಅಪ್ಪ.

ಅಪ್ಪ ಮರದ ಡಿಪೋದಲ್ಲಿ ನಾಟಾ ದಿಮ್ಮಿ ಹೊರುತ್ತಿದ್ದ. ಅವನ ಮೈಯಿಂದ ಯಾವಾಗಲೂ ಹಸಿ ತೊಗಟೆಯ ವಾಸನೆ. ಬೈಬಲಿನ ರಾಜರ ಕಥೆ ಅವನಿಗೆ ಹಿಡಿಸುತ್ತಿರಲಿಲ್ಲ, ದೇವರ ಮಾತು ಹೊತ್ತು ನಡೆದವರ ಕಥೆ ಬೇಕಿತ್ತು. ನನ್ನ ನಾಲಿಗೆ ತೊಡರುತ್ತದೆ, ಬೇರೆಯವರನ್ನು ಕಳಿಸು ಎಂದು ದೇವರಿಗೇ ಹೇಳಿದ ಮೋಶೆ. ಹೇಳಿದ ಊರಿಗೆ ಹೋಗದೆ ಹಡಗು ಹತ್ತಿ ಓಡಿದ ಯೋನ. ಕುರಿ ಕಾಯುತ್ತಿದ್ದ ಆಮೋಸ, ರಾಜನ ಕಡೆಯ ಪೂಜಾರಿ ಊರು ಬಿಡು ಎಂದರೂ ಬಾಯಿ ಮುಚ್ಚದವನು. "ಸಾಹುಕಾರ್ರ ಮಕ್ಕಳ್ನ ದೇವ್ರು ಕಳ್ಸಿದ್ದು ಕಮ್ಮಿ ಮಗಾ, ನಮ್ಮಂಥವ್ರೇ ಜಾಸ್ತಿ" ಎನ್ನುವಾಗ ನಾಟಾ ಹೊತ್ತು ಬಾಗಿದ ಅವನ ಬೆನ್ನು ನೆಟ್ಟಗಾಗುತ್ತಿತ್ತು.

ತೊಂಬತ್ತರ ದಶಕದ ಕೊನೆಗೆ ನಾಟಾ ಉರುಳಿ ಅಪ್ಪ ಹೋದ. ಮರುವರ್ಷದ ಶುಭ ಶುಕ್ರವಾರ ಬೆಳಿಗ್ಗೆ ಪಾಸ್ಕು ಮಾಮ ಮನೆಗೆ ಬಂದರು. ಫಾದರ್ ಇಲ್ಲದಾಗ ಪ್ರಾರ್ಥನೆ ನಡೆಸುವ ಉಪದೇಶಿ ಅವರು.

"ನಿನಗೆ ಗಂಡುಮಕ್ಕಳಿಲ್ಲ ನತಾಲಿ. ಮರಗಂಟೆ ಕೊಡು, ಯಾರಾದ್ರೂ ಹುಡುಗ್ರ ಕೈಲಿ ಕೊಡ್ತೆ."

ಅವ್ವ ಬಾಗಿಲಿಗೆ ಅಡ್ಡ ನಿಂತಳು. "ನಾನೇ ಹೋಗ್ತೆ ಮಾಮ."

"ಹೆಂಗಸು ಇದನ್ನ ಬಡ್ಕಂಡು ತಿರುಗಿದ್ರೆ ಜನ ನಗ್ತಾರೆ."

"ಈಸ್ಟರ್ ಬೆಳಿಗ್ಗೆ ಯೇಸುವಿನ ಗೋರಿ ಹತ್ರ ಹೋದೋರು ಯಾರು? ಶಿಷ್ಯರಾದ ಗಂಡಸ್ರು ಬಾಗ್ಲಿಗೆ ಅಗಳಿ ಹಾಕ್ಕಂಡು ಕೂತಿದ್ರು. ಯೇಸು ಎದ್ದ ಅಂತ ಸುದ್ದಿ ತಂದಿದ್ದು ಮಗ್ದಲದ ಮರಿಯಾ."

"ಅವಳ ಮಾತು ಅವ್ರೂ ನಂಬಲಿಲ್ಲ" ಎಂದು ಮಾಮ ನಕ್ಕರು.

"ನಂಬದಿದ್ದಕ್ಕೆ ಸುದ್ದಿ ಸುಳ್ಳಾಯ್ತಾ? ದೇವ್ರಿಗಿಲ್ಲದ ನಾಚಿಕೆ ನಿಮಗೆಂತಕ್ಕೆ?"

ಬಿಸಿಲೇರುವ ಹೊತ್ತಿಗೆ ಅವ್ವ ಮರಗಂಟೆ ಹಿಡಿದು ಹೊರಟಳು, ಹಿಂದೆ ನಾನು. ಮೋರಿ ಕಟ್ಟೆ ಮೇಲೆ ಕೂತಿದ್ದವನೊಬ್ಬ, ಡಬ್ಬಿ ಬಡಿಯುತ್ತ ಐಸ್ ಮಾರುವವರಿಗೆ ಹೋಲಿಸಿ, "ಎಂತ ನತಾಲಿ ಬಾಯಿ, ಐಸ್‌ಕ್ಯಾಂಡಿ ಉಂಟಾ?" ಎಂದ. "ಉಂಟು, ಮೂರು ಗಂಟೆಗೆ ಇಗರ್ಜಿಗೆ ಬಾ" ಎಂದಳು, ಕೈ ನಿಲ್ಲಿಸದೆ. ಮೊದಲ ಮನೆಯವರು ಕಿಟಕಿಯಿಂದ ನೋಡಿ ಕಿಟಕಿಯನ್ನೂ ಮುಚ್ಚಿದರು. ಅವ್ವ ಅಲ್ಲೇ ನಿಂತು ಬಡಿದಳು. ಬೆವರು ಕುತ್ತಿಗೆಗೆ ಇಳಿಯಿತು. ಕೊನೆಗೆ ಆ ಮನೆಯ ಮುದುಕಿ ಸೆರಗು ತಲೆಗೆಳೆದುಕೊಂಡು ಹೊರಬಂದು ಶಿಲುಬೆ ಗುರುತು ಹಾಕಿಕೊಂಡಳು. ಮತ್ತೆ ಬಾಗಿಲುಗಳು ಒಂದೊಂದಾಗಿ ತೆರೆದವು. ಮೂರು ಗಂಟೆಗೆ ಇಗರ್ಜಿ ತುಂಬಿತ್ತು, ಐಸ್‌ಕ್ಯಾಂಡಿ ಕೇಳಿದವನೂ ಹಿಂದಿನ ಸಾಲಿನಲ್ಲಿದ್ದ. ಪಾಸ್ಕು ಮಾಮ ಒಳ್ಳೆಯ ಮಾತು ಆಡಲಿಲ್ಲ, ಮರಗಂಟೆಯನ್ನೂ ಮತ್ತೆ ಕೇಳಲಿಲ್ಲ.

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಶಿರಸಿಯ ಕಾಲೇಜಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಓದಿದೆ. ನಿಮ್ಮ ಮನೆಯವರು ಎಂತ ಮಾಡ್ತಾರೆ ಎಂದು ಕೇಳಿದವರಿಗೆ ತಲೆಯೆತ್ತಿಯೇ "ಸುದ್ದಿ ಮುಟ್ಟಿಸ್ತಾರೆ" ಎಂದಿದ್ದೇನೆ. ಆಮೇಲೆ ರಸ್ತೆ ಅಗಲ ಮಾಡುವಾಗ ಮನೆ ಹೋಯಿತು, ಕೆಲವು ವರ್ಷಕ್ಕೆ ಅವ್ವನೂ. ಈಗ ಮೊಬೈಲಿಗೇ ಮೆಸೇಜು ಬರುತ್ತದಲ್ಲ, ಮರಗಂಟೆಯನ್ನು ಗಾಜಿನ ಕಪಾಟಿನಲ್ಲಿ ಇಡೋಣ ಎಂದು ಇಗರ್ಜಿಯ ಕಮಿಟಿಯವರು ಕೇಳಿದರು. ಕೊಡುವುದಿಲ್ಲ ಎಂದೆ. ಅದು ನೋಡುವುದಕ್ಕೆ ಮಾಡಿದ್ದಲ್ಲ.

ಶುಭ ಶುಕ್ರವಾರ ಬಂದರೆ ಈಗಲೂ ಅದನ್ನು ಚೀಲದಲ್ಲಿಟ್ಟುಕೊಂಡು ಯಲ್ಲಾಪುರದ ಬಸ್ಸು ಹತ್ತುತ್ತೇನೆ. ನಮ್ಮ ಹೊಸ್ತಿಲು ಇದ್ದ ಜಾಗ ಡಾಂಬರಿನ ಅಡಿಯಲ್ಲಿದೆ. ರಸ್ತೆಯಂಚಿಗೆ ನಿಂತು, ಲಾರಿಯೊಂದು ದಾಟಿಹೋಗುವವರೆಗೆ ಕಾದು, ಆ ಮನೆಗೂ ಬಡಿಯುತ್ತೇನೆ. ಯಾರೂ ಹೊರಗೆ ಬರುವುದಿಲ್ಲ. ಬಡಿಯುತ್ತಲೇ ಮುಂದಿನ ಮನೆಗೆ ನಡೆಯುತ್ತೇನೆ.