ಲಿಗೋರಿಯವರ ಕಾಣದ ಬೆಂಕಿ

ಯಾವ ಎಣ್ಣೆ ಕೈಗೆ ಸಿಕ್ಕಿದರೂ ಲಿಗೋರಿಯವರು ಮೊದಲು ಅದರ ಒಂದು ತೊಟ್ಟನ್ನು ಎಡಗೈಯ ಬೆನ್ನಿಗೆ ಬಿಟ್ಟು, ಕಣ್ಣು ಮುಚ್ಚಿ ಊದುತ್ತಿದ್ದರು. ಪೆಟ್ರೋಲಾದರೆ ಚುರುಕು ತಂಪು, ಸೀಮೆಎಣ್ಣೆಗೆ ತಂಪೇ ಇಲ್ಲ, ಕಲಬೆರಕೆಯಾದರೆ ತಂಪು ಬಂದು ನಡುದಾರಿಯಲ್ಲಿ ನಿಲ್ಲುತ್ತದೆ ಎನ್ನುವುದು ಅವರ ಶಾಸ್ತ್ರ. ಒಂದು ಮದುವೆಯಲ್ಲಿ ಬಾಗಿಲಲ್ಲಿ ಚಿಮುಕಿಸಿದ ಪನ್ನೀರನ್ನೂ ಹಾಗೆಯೇ ಊದಿ ನೋಡಿ, "ನೀರು ಜಾಸ್ತಿ ಮಾರಾಯ, ಎಂಜಿನು ಸ್ಟಾರ್ಟ್ ಆಗ್ಲಿಕ್ಕಿಲ್ಲ" ಎಂದು ಹತ್ತು ಜನರಿಗೆ ಕೇಳುವಂತೆ ಹೇಳಿದ್ದರು. ಮದುಮಗಳ ತಂದೆ ಪಕ್ಕದಲ್ಲೇ ನಿಂತಿದ್ದರು.

ಕರ್ನಾಟಕದ ಗಡಿ ದಾಟಿ ಕೇರಳದೊಳಗಿರುವ ಹೊಸಂಗಡಿಯ ಹೆದ್ದಾರಿ ಬದಿಯ ಹಂಚಿನ ಕಟ್ಟಡವೊಂದರಲ್ಲಿ ಅವರ ಪಂಪ್‌ಸೆಟ್ ರಿಪೇರಿಯ ಅಂಗಡಿ. ಮನೆ ಹೆದ್ದಾರಿಯಿಂದ ಒಳಗೆ, ಮೀಂಜದ ಕಡೆ, ಸ್ವಂತ ತೆಂಗಿನ ತೋಟದಲ್ಲಿ. ತಮ್ಮಂದಿರು ಇಬ್ಬರೂ ಗಲ್ಫಿಗೆ ಹೋದರು. ಜಾಗ ನೋಡಿಕೊಳ್ಳಲು ದೊಡ್ಡವನು ಇರಲಿ ಎಂದು ತಂದೆ ಹೇಳಿದರಂತೆ, ಇವರು ಉಳಿದರು. ಅದನ್ನು ದೂರಿ ಆಡಿದ್ದು ನಾನು ಕೇಳಿಲ್ಲ. ಆದರೆ ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ಸು ಹಾರ್ನ್ ಹಾಕಿ ಹೋಗುವಾಗ ಅವರ ಕೈಯ ಸ್ಪ್ಯಾನರ್ ಒಂದು ಗಳಿಗೆ ನಿಲ್ಲುತ್ತಿತ್ತು.

ನಾನು ಸೈನ್ಯ ಬಿಟ್ಟು ಬಂದು ಹತ್ತಿರದ ಶಾಲೆಯಲ್ಲಿ ಡ್ರಿಲ್ ಮಾಷ್ಟ್ರಾಗಿದ್ದೆ. ಶಾಲೆ ಬಿಟ್ಟ ಮೇಲೆ ಅವರ ಬೆಂಚಿನಲ್ಲಿ ಒಂದು ಚಹಾ, ಆಮೇಲೆ ಮನೆ. ಈ ಕ್ರಮ ನಾನು ತಪ್ಪಿಸಿದವನಲ್ಲ. ಕ್ರಿಶ್ಚಿಯನ್ನರನ್ನು ನಮ್ಮ ತುಳುವಿನಲ್ಲಿ ಗೌರವದಿಂದ ಕರೆಯುವ ಹಾಗೆ ನಾನು ಅವರನ್ನು 'ಪೊರ್ಬುಗಳೇ' ಎನ್ನುತ್ತಿದ್ದೆ. ಅವರಿಗೆ ನಾನು 'ಮಾಷ್ಟ್ರೆ'. ತೊಂಬತ್ತರ ದಶಕದ ಮೊದಲ ವರ್ಷಗಳು. ಆ ಬೆಂಚಿನಿಂದಲೇ ನಾನು ಅವರ ರೇಸ್ ಕಾರು ಹುಟ್ಟುವುದನ್ನು ನೋಡಿದೆ.

ಹಳೆ ಟ್ಯಾಕ್ಸಿಯ ಎಂಜಿನು, ಕಬ್ಬಿಣದ ಪೈಪಿನ ಚೌಕಟ್ಟು, ತಗಡಿನ ಮೈ. ಉದ್ದದಲ್ಲಿ ದೊಡ್ಡ ದೋಣಿಯಷ್ಟೂ ಇಲ್ಲ, ಅಗಲದಲ್ಲಿ ತೊಟ್ಟಿಲಿಗಿಂತ ತುಸು ಹೆಚ್ಚು. ತೂಕ ಉಳಿಸಬೇಕೆಂದು ಕೂರುವ ಜಾಗವನ್ನು ಅವರು ಎಷ್ಟು ಬಿಗಿಮಾಡಿದ್ದರೆಂದರೆ, ಸ್ಟೇರಿಂಗ್ ಇದ್ದರೆ ಮನುಷ್ಯ ಒಳಗಿಳಿಯುವಂತಿರಲಿಲ್ಲ. ಅವರು ಕುಳಿತ ಮೇಲೆ ಇನ್ನೊಬ್ಬ ಸ್ಟೇರಿಂಗ್ ಇಟ್ಟು ನಟ್ಟು ಬಿಗಿಯಬೇಕು. ಇಳಿಯಬೇಕಾದರೂ ಇನ್ನೊಬ್ಬ ಬಂದು ಬಿಚ್ಚಬೇಕು.

"ಅವಸರಕ್ಕೆ ಹೊರಗೆ ಬರುವುದು ಹೇಗೆ ಪೊರ್ಬುಗಳೇ?" ಎಂದು ಕೇಳಿದೆ.

"ಒಳಗೆ ಹೋಗ್ಲಿಕ್ಕೆ ಇಷ್ಟು ವರ್ಷ ಆಯ್ತು. ನೀವು ಈಗಲೇ ಹೊರಗೆ ಬರುವ ಮಾತು ಎಂತಕ್ಕೆ ತೆಗಿತೀರಿ?" ಎಂದರು.

ಆ ನಟ್ಟಿನ ಸ್ಪ್ಯಾನರಿನ ಜವಾಬ್ದಾರಿ ನನಗೆ ಬಂತು. ಶಿಸ್ತಿನ ಮನುಷ್ಯ ನೀವೊಬ್ಬರೇ ಎಂದು ಅವರೇ ಕೊಟ್ಟರು.

ಗಡಿಯ ತಲಪಾಡಿಯಾಚೆ, ಕರ್ನಾಟಕದ ಕಡೆ, ಸಮುದ್ರದ ಬದಿಯ ಮೈದಾನದಲ್ಲಿ ವರ್ಷಕ್ಕೊಮ್ಮೆ ಹವ್ಯಾಸಿಗಳ ಕಾರು ಓಟ ಇರುತ್ತಿತ್ತು. ಐವತ್ತು ದಾಟಿದವರಿಗೆ ಅವಕಾಶವಿಲ್ಲ ಎಂಬುದು ಅಲ್ಲಿಯ ನಿಯಮ. ಬರುವ ವರ್ಷ ಲಿಗೋರಿಯವರಿಗೆ ಐವತ್ತು ದಾಟುತ್ತಿತ್ತು. ಓಡಿಸುವುದಾದರೆ ಈ ಸಲ, ಇಲ್ಲವಾದರೆ ಇಲ್ಲ.

ತೊಡಕಿದ್ದದ್ದು ಎಣ್ಣೆಯಲ್ಲಿ. ಮದ್ರಾಸಿನಲ್ಲಿ ರೇಸು ಓಡಿಸುವುದನ್ನು ಬಿಟ್ಟವನೊಬ್ಬನಿಂದ ಅವರು ಉಬ್ಬು ತಲೆಯ ಪಿಸ್ಟನ್ನುಗಳನ್ನು ತಂದು ಹಾಕಿದ್ದರು. ಅವು ಗಾಳಿ ಮತ್ತು ಎಣ್ಣೆಯನ್ನು ವಿಪರೀತ ಒತ್ತುತ್ತವೆ. ಆ ಒತ್ತಡಕ್ಕೆ ನಮ್ಮ ಬಂಕಿನ ಪೆಟ್ರೋಲು ಕಿಡಿ ಬರುವವರೆಗೆ ಕಾಯದೆ ತಾನಾಗಿಯೇ ಸಿಡಿಯುತ್ತದೆ. ಎಂಜಿನಿನೊಳಗೆ ಯಾರೋ ಸುತ್ತಿಗೆಯಲ್ಲಿ ಬಡಿದ ಸದ್ದು. ಮೆಲ್ಲಗೆ ಓಡಿಸಿದರೆ ತೊಂದರೆಯಿಲ್ಲ, ಪೂರ್ತಿ ಒತ್ತಿದರೆ ಪಿಸ್ಟನ್ನೇ ತೂತು. ಪೇಂಟಿನ ತಿನ್ನರು ಬೆರೆಸಿ ನೋಡಿದರು. ಬಡಿತ ತುಸು ತಗ್ಗಿತು, ನಿಲ್ಲಲಿಲ್ಲ.

"ಸಾದಾ ಪಿಸ್ಟನ್ ಹಾಕಿದರಾಯಿತಲ್ಲ" ಎಂದೆ.

"ಸಾದಾ ಪಿಸ್ಟನ್ ಹಾಕಿದ್ರೆ ಅದು ಟ್ಯಾಕ್ಸಿ. ನಾನು ಟ್ಯಾಕ್ಸಿ ಓಡಿಸ್ಲಿಕ್ಕೆ ಇದೆಲ್ಲ ಮಾಡಿದ್ದಾ?"

ಆ ಎಂಜಿನು ಒಪ್ಪುವ ಎಣ್ಣೆ ಒಂದೇ: ಮೆಥನಾಲ್, ವಾರ್ನಿಷ್ ಮಾಡುವವರು ಬಳಸುವ ಸ್ಪಿರಿಟ್ಟು. ತಂಪಾಗಿ ಉರಿಯುತ್ತದೆ, ಎಷ್ಟು ಒತ್ತಿದರೂ ಬಡಿಯುವುದಿಲ್ಲ. ಒಂದು ಕ್ಯಾನ್ ಹಿಡಿದು ಅವರು ಮಂಗಳೂರಿನಿಂದ ಬಸ್ಸಿನಲ್ಲಿ ಬಂದೇಬಿಟ್ಟರು. ಗಡಿಯ ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತಿತು.

"ಇದೆಂದಾ?" ಇದೇನೆಂದು ಗಾರ್ಡು ಮಲಯಾಳದಲ್ಲಿ ಕ್ಯಾನು ತಟ್ಟಿ ಕೇಳಿದ.

ಲಿಗೋರಿಯವರಿಗೆ ಸುಳ್ಳಿನ ಅಭ್ಯಾಸವಿರಲಿಲ್ಲ. "ಸ್ಪಿರಿಟ್" ಎಂದರು.

ಕಳ್ಳಸ್ಪಿರಿಟ್ಟಿನ ಸಾವುಗಳ ಸುದ್ದಿ ಪೇಪರಿನಲ್ಲಿ ಬರುತ್ತಿದ್ದ ಕಾಲ ಅದು. ಅವರನ್ನು ಇಳಿಸಿ ಬಸ್ಸು ಮುಂದೆ ಹೋಯಿತು. ನಾನು ಸುದ್ದಿ ತಿಳಿದು ಹೋದಾಗ ಅವರು ಅಧಿಕಾರಿಗೆ ವಿವರಿಸುತ್ತಿದ್ದರು: "ಸಾರ್, ಇದು ಕುಡಿಯುವಂಥದ್ದೇ ಅಲ್ಲ. ಕುಡಿದ್ರೆ ಮೊದಲು ಕಣ್ಣು ಹೋಗ್ತದೆ, ಮತ್ತೆ ಜೀವ. ನಾನು ಯಾರಿಗೆ ಕೊಡ್ಲಿಕ್ಕುಂಟು?"

"ಅದು ನಮಗೂ ಗೊತ್ತು. ಅದಕ್ಕೇ ಹಿಡಿದದ್ದು" ಎಂದು ಆ ಅಧಿಕಾರಿ ಮಲಯಾಳದಲ್ಲಿ ಶಾಂತವಾಗಿ ಹೇಳಿದರು. ನಿಜ ಹೇಳಿದಷ್ಟೂ ಇವರು ಸಿಕ್ಕಿಹಾಕಿಕೊಳ್ಳುತ್ತಿದ್ದರು.

ಕಾರು ತೋರಿಸುವುದೊಂದೇ ದಾರಿ ಎಂದು ನಾನು ಹೇಳಿದೆ. ಅಧಿಕಾರಿ ಜೀಪಿನಲ್ಲಿ ಹೊಸಂಗಡಿಗೆ ಬಂದರು. ಸುತ್ತ ನಡೆದು ನೋಡಿದರು. ಮನುಷ್ಯ ಇದರಲ್ಲಿ ಕೂರಲು ಸಾಧ್ಯವೇ ಎಂದು ಸಂಶಯಪಟ್ಟರು. ಲಿಗೋರಿಯವರು ವಿನಯದಿಂದ ಅವರನ್ನು ಕೂರಿಸಿ, ಸ್ಟೇರಿಂಗ್ ಇಟ್ಟು, ನಟ್ಟು ಬಿಗಿದರು. ಆಮೇಲೆ ಕೈ ಕಟ್ಟಿ ನಿಂತು, "ಈಗ ಹೇಳಿ ಸಾರ್, ನನ್ನ ಕ್ಯಾನ್ ಕೊಡ್ತೀರ?" ಎಂದರು.

ಅಧಿಕಾರಿ ಏಳಲು ನೋಡಿದರು, ಆಗಲಿಲ್ಲ. ಅವರ ಹಣೆಯಲ್ಲಿ ಬೆವರು ಮೂಡಿದ್ದು ಕಂಡು ನಾನು ನಟ್ಟು ಬಿಚ್ಚಿದೆ. ಪುಣ್ಯಕ್ಕೆ ಅವರು ಹೊರಗೆ ಬಂದು ನಕ್ಕರು. ಕೇಸು ಆಗಲಿಲ್ಲ. ಆದರೆ ಕ್ಯಾನು ಹೋಯಿತು, ಪರ್ಮಿಟ್ ಇಲ್ಲದೆ ಒಂದು ತೊಟ್ಟೂ ಗಡಿ ದಾಟಬಾರದು ಎಂಬ ತಾಕೀತೂ ಬಂತು.

ಈಗ ಕಾರು ಈಚೆ, ಅದರ ಎಣ್ಣೆ ಆಚೆ. ಪರ್ಮಿಟ್ ಇದ್ದ ವಾರ್ನಿಷ್ ವ್ಯಾಪಾರಿಯೊಬ್ಬರು ಓಟದ ದಿನ ಮೈದಾನಕ್ಕೇ ತಂದುಕೊಡಲು ಒಪ್ಪಿದರು. ಅಲ್ಲಿಯವರೆಗೆ ಲಿಗೋರಿಯವರು ಬಂಕಿನ ಪೆಟ್ರೋಲು ಹಾಕಿ, ತೆಂಗಿನ ಮರಗಳ ನಡುವೆ, ಅಂಗಳದಲ್ಲಿ ಕಾರನ್ನು ಆಮೆಯಂತೆ ಸುತ್ತಿಸಿದರು. ಮೂರನೆಯ ಗೇರು ಹಾಕುವ ಮೊದಲೇ ಬೇಲಿ ಬರುತ್ತಿತ್ತು.

ಓಟದ ದಿನ ಬೆಳಗ್ಗೆ ಕಾರನ್ನು ಟೆಂಪೋದಲ್ಲಿ ಏರಿಸಿ ಮೈದಾನಕ್ಕೆ ಹೋದೆವು. ಅವರ ಹೆಂಡತಿ ಸೆವ್ರಿನ್‌ಬಾಯಿ ಊಟದ ಬುತ್ತಿ ಹಿಡಿದು ಜೊತೆಗೆ ಬಂದಿದ್ದರು. ಅವರು ಮಿತಭಾಷಿ, ಗಂಡನ ಮಾತೇ ಇಬ್ಬರಿಗೂ ಸಾಕು ಎಂದುಕೊಂಡವರಂತೆ ಇರುತ್ತಿದ್ದರು. ಮೆಥನಾಲ್ ಬಂತು. ಲಿಗೋರಿಯವರು ಕೈಯ ಬೆನ್ನಿಗೆ ಬಿಟ್ಟು ಊದಿ, "ಹಾ, ಮಂಜು!" ಎಂದರು. ಆಮೇಲೆ ನನ್ನನ್ನು ಕರೆದು, ಒಂದು ಚಮಚ ಕಲ್ಲಿನ ಮೇಲೆ ಸುರಿದು ಕಡ್ಡಿ ಗೀರಿದರು.

"ಎಂತ ಕಾಣ್ತದೆ ಮಾಷ್ಟ್ರೆ?"

ಏನೂ ಕಾಣಲಿಲ್ಲ. ಬಿಸಿಲು, ಕಲ್ಲು, ಅಷ್ಟೇ. ಅವರು ಒಣಗಿದ ತೆಂಗಿನ ಗರಿಯೊಂದನ್ನು ಅದರ ಮೇಲೆ ಹಿಡಿದರು. ಅದು ಕಪ್ಪಾಗಿ ಮುರುಟಿತು. "ಹಗಲಲ್ಲಿ ಇದರ ಬೆಂಕಿ ಕಾಣುದಿಲ್ಲ. ಆದ್ರೆ ನೀರಿಗೆ ಬಗ್ಗುತ್ತದೆ. ಪೆಟ್ರೋಲಿನದ್ದು ಕಾಣ್ತದೆ, ನೀರಿಗೆ ಬಗ್ಗುದಿಲ್ಲ. ಎರಡರಲ್ಲಿ ಒಂದು ಆರಿಸ್ಬೇಕು."

ಸೆವ್ರಿನ್‌ಬಾಯಿ ಆ ಗರಿಯನ್ನು ಎತ್ತಿ ನೋಡಿ ಕೆಳಗಿಟ್ಟರು. ನಾನು ಬಕೆಟುಗಳಲ್ಲಿ ನೀರು ತುಂಬಿ, ಗೋಣಿ ನೆನೆಸಿ, ಸಾಲಾಗಿ ಇಟ್ಟೆ.

ಬೆಳಗಿನ ಅಭ್ಯಾಸದಲ್ಲಿ ಕಾರು ಓಡಿದ್ದನ್ನು ಹೇಗೆ ಹೇಳಲಿ? ಅಂಗಳದ ಆಮೆ ಅದಲ್ಲ. ಬಟ್ಟೆ ಹರಿದ ಹಾಗೆ ಸದ್ದು ಮಾಡುತ್ತ ದೂರದ ತಿರುವಿಗೆ ಹೋಗಿ, ನಾನು ಕಣ್ಣು ಹೊರಳಿಸುವಷ್ಟರಲ್ಲಿ ಎದುರಿಗೆ ಬಂತು. ಕೆಲವು ಸುತ್ತು ಹಾಕಿ ಲಿಗೋರಿಯವರು ನಮ್ಮ ಮುಂದೆ ಬಂದು ನಿಂತರು. ನಿಂತದ್ದೇ ಎರಡೂ ಕೈ ಎತ್ತಿ ಜೋರಾಗಿ ಬೀಸತೊಡಗಿದರು. ಜನ ಚಪ್ಪಾಳೆ ತಟ್ಟಿದರು. ಒಬ್ಬ ಸಿಳ್ಳೆ ಹಾಕಿದ.

ಕಾರಿನ ಬದಿಯಲ್ಲಿ ಬರೆದಿದ್ದ ಬಿಳಿ ನಂಬರು ಕಂದು ತಿರುಗಿ ಗುಳ್ಳೆ ಏಳುತ್ತಿರುವುದನ್ನು ಆಗ ನೋಡಿದೆ. ಅದರ ಹಿಂದಿನ ಗಾಳಿ ನಡುಗುತ್ತಿತ್ತು. ಕೂಗಲಿಲ್ಲ, ಕೂಗಿದರೆ ಹೊತ್ತು ಹೋಗುತ್ತದೆ. ಮೊದಲ ಬಕೆಟು ಎಂಜಿನಿಗೆ, ಎರಡನೆಯದು ಅವರ ಮೈಗೆ, ಗೋಣಿ ಅವರ ಎಡಗೈಗೆ, ಆಮೇಲೆ ಸ್ಪ್ಯಾನರು. ಸೆವ್ರಿನ್‌ಬಾಯಿ ನಾನು ಕರೆಯುವ ಮೊದಲೇ ಮೂರನೆಯ ಬಕೆಟು ಸುರಿದಿದ್ದರು. ನಟ್ಟು ಬಿಚ್ಚಿ ಅವರನ್ನು ಕಂಕುಳಲ್ಲಿ ಹಿಡಿದು ಎಳೆದೆ. ಚಪ್ಪಾಳೆ ಆಗ ನಿಂತಿತು.

ಕಾರ್ಬ್ಯುರೇಟರಿನಿಂದ ಎಣ್ಣೆ ಉಕ್ಕಿ ಬಿಸಿ ಪೈಪಿಗೆ ಚೆಲ್ಲಿತ್ತು. ಎಡಗೈ ಮಣಿಗಂಟಿನವರೆಗೆ ಸುಟ್ಟಿತ್ತು. ಕಾರಿಗೆ ಹೆಚ್ಚೇನೂ ಆಗಿರಲಿಲ್ಲ. ಮಧ್ಯಾಹ್ನದ ಓಟಕ್ಕೆ ಇನ್ನೂ ಹೊತ್ತಿತ್ತು. ಕೈಗೆ ಬಟ್ಟೆ ಸುತ್ತಿಸಿಕೊಂಡು ಅವರು ಮೆಥನಾಲಿನ ಕ್ಯಾನನ್ನೇ ನೋಡುತ್ತ ನೆಲದಲ್ಲಿ ಕುಳಿತರು.

"ವಾಲ್ವು ಸರಿ ಮಾಡಿದ್ರೆ ಇನ್ನೊಮ್ಮೆ ಚೆಲ್ಲುದಿಲ್ಲ ಮಾಷ್ಟ್ರೆ."

"ಚೆಲ್ಲಿದರೆ ತಿರುವಿನ ಆಚೆ ಚೆಲ್ಲುತ್ತದೆ. ನಾನು ಈಚೆ ಇರುತ್ತೇನೆ."

"ಹಾಗಾದ್ರೆ ಮನೆಗೆ ಹೋಗುವ, ಅಲ್ವ? ಪೆಟ್ರೋಲು ಹಾಕಿದ್ರೆ ಎಂಜಿನು ಸಾಯ್ತದೆ, ಇದು ಹಾಕಿದ್ರೆ ನಾನು ಸಾಯ್ತೇನೆ. ಬರುವ ವರ್ಷ ಗೇಟಿನ ಒಳಗೇ ಬಿಡುದಿಲ್ಲ. ಎಲ್ಲ ಕಡೆ ಬೇಲಿ." ಅವರ ಸ್ವರ ಅಷ್ಟು ಸಣ್ಣದಾದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಆಗ ಸೆವ್ರಿನ್‌ಬಾಯಿ ಮಾತಾಡಿದರು. "ಮನೆಗೆ ಹೋಗುದು ಬೇಡ. ಓಡಿಸಿ. ಪೆಟ್ರೋಲು ಹಾಕಿ. ಉರಿದ್ರೆ ನನಗೆ ಕಾಣ್ಬೇಕು."

"ಎಂಜಿನು ಹೋಗ್ತದೆ."

"ಹೋಗ್ಲಿ. ಅದು ಹೋದ್ರೆ ನಾನು ಅಳ್ಲಿಕ್ಕಿಲ್ಲ."

ಲಿಗೋರಿಯವರು ಹೆಂಡತಿಯ ಮುಖ ನೋಡಿದರು. ಆಮೇಲೆ ಎದ್ದು ಒಂದೇ ಕೈಯಲ್ಲಿ ಕೆಲಸ ಶುರುಮಾಡಿದರು. ಟ್ಯಾಂಕು ಬರಿದುಮಾಡಿ ತೊಳೆದೆವು. ವಾಲ್ವು ಸರಿಮಾಡಿ, ಕಾರ್ಬ್ಯುರೇಟರಿನಲ್ಲಿ ಎಣ್ಣೆ ಬಿಡುವ ದೊಡ್ಡ ಜೆಟ್ಟು ತೆಗೆದು ಪೆಟ್ರೋಲಿನ ಸಣ್ಣದು ಹಾಕಿದೆವು. ಬಡಿತ ತಗ್ಗಲೆಂದು ಕಿಡಿ ಹಾರುವ ಹೊತ್ತನ್ನು ತುಸು ಹಿಂದಕ್ಕೆ ತಂದರು. ಬೆಂಕಿ ನಂದಿಸುವ ಪುಡಿಯ ಸಿಲಿಂಡರನ್ನು ನಾನು ವ್ಯವಸ್ಥಾಪಕರಿಂದ ಕೇಳಿ ತಂದು, ಈ ಸಲ ತಿರುವಿನ ಬಳಿಯೇ ನಿಂತೆ.

ಬಾವುಟ ಬಿತ್ತು. ಮೊದಲ ಸುತ್ತು ಅವರು ತಡೆದು ಓಡಿಸಿದರು. ಎರಡನೆಯದರಲ್ಲಿ ಮೂವರನ್ನು ದಾಟಿದರು. ಆ ಬಳಿಕ ಸುತ್ತಿಗೆಯ ಸದ್ದು ನನ್ನವರೆಗೆ ಕೇಳತೊಡಗಿತು. ಅವರಿಗೂ ಕೇಳಿರಬೇಕು, ಕಾಲು ತೆಗೆಯಲಿಲ್ಲ. ಇನ್ನೂ ಇಬ್ಬರನ್ನು ದಾಟಿದರು. ಮುಂದೆ ಒಂದೇ ಕಾರು ಉಳಿದಿತ್ತು. ನನ್ನ ಎದುರು ಬರುವಾಗ ಎಂಜಿನಿನಿಂದ ನೀಲಿ ಹೊಗೆ ಉಕ್ಕಿ, ದೊಡ್ಡದೊಂದು ಸದ್ದಾಗಿ, ಕಾರು ಹುಲ್ಲಿಗೆ ಜಾರಿ ನಿಂತಿತು. ಬೆಂಕಿ ಇರಲಿಲ್ಲ.

ನಾನು ಓಡಿ ಹೋಗಿ ಸ್ಪ್ಯಾನರು ಇಟ್ಟೆ.

"ಈಗ ಬಿಚ್ಚಬೇಡಿ" ಎಂದರು. ಕಣ್ಣಿಂದ ನೀರು ಇಳಿಯುತ್ತಿತ್ತು. ಹೊಗೆಗೋ, ಕೈಯ ನೋವಿಗೋ ನಾನು ಕೇಳಲಿಲ್ಲ. ಉಳಿದ ಕಾರುಗಳು ಓಟ ಮುಗಿಸುವವರೆಗೆ ಸ್ಟೇರಿಂಗ್ ಹಿಡಿದೇ ಕುಳಿತಿದ್ದರು. ದೂರದಲ್ಲಿ ಸೆವ್ರಿನ್‌ಬಾಯಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ಮೂರು-ನಾಲ್ಕು ವರ್ಷದ ಮೇಲೆ ಒಂದು ಮಳೆಗಾಲದಲ್ಲಿ ಅವರು ಹೃದಯ ನಿಂತು ತೀರಿಕೊಂಡರು. ಅದಕ್ಕೆ ಮುಂಚಿನ ಬೇಸಿಗೆಯಲ್ಲಿ ನಾನು ಮೀಂಜದ ಮನೆಗೆ ಹೋಗಿದ್ದೆ. ಆ ಎಂಜಿನಿಗೆ ಸಾದಾ ಪಿಸ್ಟನ್ ಹಾಕಿ, ತೋಟದ ಕೆರೆಯ ಬದಿಯಲ್ಲಿ ಪಂಪಿಗೆ ಜೋಡಿಸಿ, ಕಾಂಕ್ರೀಟಿನ ಕಟ್ಟೆಗೆ ದಪ್ಪ ಬೋಲ್ಟುಗಳಲ್ಲಿ ಬಿಗಿದಿದ್ದರು. ರೇಷನ್ನಿನ ಸೀಮೆಎಣ್ಣೆಯಲ್ಲಿ ಓಡುತ್ತಿತ್ತು. ಯಾವ ಬಡಿತವೂ ಇಲ್ಲದೆ, ಒಂದೇ ಸ್ವರದಲ್ಲಿ.

"ಈಗ ಇದಕ್ಕೆ ಎಂತ ಹಾಕಿದ್ರೂ ಆಗ್ತದೆ ಮಾಷ್ಟ್ರೆ" ಎಂದರು. "ಹೋಗ್ಲಿಕ್ಕೆ ಮಾತ್ರ ಎಲ್ಲಿಗೂ ಇಲ್ಲ."

ಆಮೇಲೆ ಬಗ್ಗಿ, ಕಲೆಬಿದ್ದ ಎಡಗೈಯಿಂದ ಥ್ರಾಟಲನ್ನು ಪೂರ್ತಿ ಎಳೆದರು. ಸ್ವರ ಏರಿತು, ಕಟ್ಟೆ ನಡುಗಿತು, ಪೈಪಿನ ಬಾಯಲ್ಲಿ ನೀರು ಎಗರಿ ಕಾಲುವೆ ದಾಟಿ ಚೆಲ್ಲಿತು. ಅಡಿಗೆಮನೆಯಿಂದ ಸೆವ್ರಿನ್‌ಬಾಯಿ ಕೂಗಿದರು: "ಎಂತ ಅದು ಶಬ್ದ? ಕಾಲುವೆ ಒಡಿತದೆ!"

ಅವರು ಕೇಳಿಸಿಕೊಂಡರು, ನನ್ನ ಕಡೆ ನೋಡಿ ನಕ್ಕರು. ಕೈ ತೆಗೆಯಲಿಲ್ಲ.