ಟೀವಿಯೊಳಗಿನ ಆಕೆ ಅಂದದ್ದು

“ಆಕಿ ಏನಂದ್ಲು?” ಎಂದು ಕಾಕಾ ಕೇಳಿದರು.

ಟೀವಿಯಲ್ಲಿ ಆಕೆ ಅಂದದ್ದು ಇಷ್ಟೇ: “ಚಹಾ ಮಾಡಲಾ?”

ಪಕ್ಕದಲ್ಲಿದ್ದ ಕಾಕು, ಕಾಕಾರ ಎಡಗಿವಿಯ ಹತ್ತಿರ ಬಾಯಿ ತಂದು ಗಟ್ಟಿಯಾಗಿ ಹೇಳಿದರು: “ನಲವತ್ತು ವರ್ಷಾತು, ನಿನಗೇನ್ ಬೇಕು ಅಂತ ಒಮ್ಮೆರೆ ಕೇಳೀರೇನು, ಅಂತ ಗಂಡಗ ಕೇಳಾಕತ್ತಾಳ.”

ನಾನು ಚುರುಮುರಿ ತುಂಬಿದ ಕೈಯನ್ನು ಹಾಗೇ ಹಿಡಿದು ಕೂತೆ. ಯಾರ ಕಿವಿ ಕೆಟ್ಟಿದೆ ಇಲ್ಲಿ?

ಕಾಕಾ ಎಂದರೆ ನಮ್ಮಪ್ಪನ ತಮ್ಮ, ಕಾಕು ಅವರ ಹೆಂಡತಿ. ಕಾಕಾ ಧಾರವಾಡದ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸುತ್ತಿದ್ದರು. ಅವರ ದನಿ ಕಾಂಪೌಂಡಿನಾಚೆಗೂ ಕೇಳುತ್ತಿತ್ತಂತೆ. ಈಗ ಎಪ್ಪತ್ನಾಲ್ಕು. ಎರಡು ವರ್ಷದಿಂದ ಕಿವಿ ಮಂದ. ಮಷಿನ್ ಹಾಕಿಸಿಕೊಳ್ಳಿ ಎಂದರೆ, ಕಿವಿಯಲ್ಲಿ ಗುಂಡಿ ಸಿಕ್ಕಿಸಿಕೊಂಡು ಓಡಾಡುವವನಲ್ಲ ನಾನು ಎಂದು ಹಟ. ನವನಗರದ ನಮ್ಮ ಮನೆಗೆ ಪೇಂಟ್ ಹೊಡೆಸುತ್ತಿದ್ದೆವು, ಆ ವಾಸನೆ ನನಗೆ ಆಗಿಬರುವುದಿಲ್ಲ ಎಂದು ನಾನು ಕಾಕಾ ಮನೆಗೆ ಬಂದಿದ್ದೆ. (ನನ್ನ ಗಂಡ ಅಲ್ಲೇ ಉಳಿದರು. ಅವರಿಗೆ ಯಾವ ವಾಸನೆಯೂ ಗೊತ್ತಾಗುವುದಿಲ್ಲ.)

ಸಂಜೆ ಏಳೂವರೆಗೆ ಇಬ್ಬರೂ ನೋಡುವುದು ಒಂದು ಕಾಮಿಡಿ ಧಾರಾವಾಹಿ. ನಿವೃತ್ತನಾದ ಗಂಡ ಮನೆಯಲ್ಲಿ ಕಾಲು ಚಾಚಿ ಕೂತಿದ್ದಾನೆ. ಹೆಂಡತಿ ನಾನೂ ಅಡುಗೆಮನೆಯಿಂದ ರಿಟೈರ್ ಆಗುತ್ತೇನೆ ಎಂದು ಘೋಷಿಸಿದ್ದಾಳೆ. ಅಲ್ಲಿಂದ ಶುರು ರಂಪಾಟ. ಮಾತೊಂದೂ ಕೇಳಿಸದ ಕಾಕಾಗೆ ಕಾಕುವೇ ಲೈವ್ ಕಾಮೆಂಟರಿ.

ಮರುದಿನವೂ ಗಮನಿಸಿದೆ. ಟೀವಿಯಲ್ಲಿ ಆಕೆ ಸೊಸೆಯ ಜೊತೆ ಸೀರೆಯ ಮಾತಾಡುತ್ತಿದ್ದರೆ, ಕಾಕು ಹೇಳಿದ್ದು ಬೇರೆ: ತವರಿನಲ್ಲಿ ತಮ್ಮನ ಮದುವೆಗೆ ಕಳಿಸಲಿಲ್ಲವೆಂದು ಆಕೆ ಇನ್ನೂ ನೊಂದುಕೊಂಡಿದ್ದಾಳೆ. ಕಾಕಾ ತಲೆಯಾಡಿಸಿ, ಆಕೆಯ ಮಾತು ಖರೇ ಐತಿ, ಆ ಗಂಡನಿಗೇ ಬುದ್ಧಿ ಇಲ್ಲ ಎಂದು ತೀರ್ಪು ಕೊಟ್ಟರು. ಕಾಕು ಮುಖದ ಒಂದು ಗೆರೆಯೂ ಅಲುಗಲಿಲ್ಲ.

ಅಡುಗೆಮನೆಯಲ್ಲಿ ಹಿಡಿದು ನಿಲ್ಲಿಸಿ ಕೇಳಿದೆ. ಇದೇನು ಕಾಕು, ಕಥೆಯನ್ನೇ ಬದಲಿಸಿಬಿಟ್ಟಿರಲ್ಲ?

ಸವತೆಕಾಯಿ ಹೆಚ್ಚುತ್ತ, ತಲೆ ಎತ್ತದೆ ಹೇಳಿದರು. “ಕಿವಿ ಛಲೋ ಇದ್ದಾಗೂ ನಾ ಅಂದದ್ದು ಅವರಿಗೆ ಕೇಳ್ತಿದ್ದಿಲ್ಲವಾ. ಆಕಿ ಅಂದಾಳ ಅಂದ್ರ ಕೇಳ್ತಾರ.”

ನಗಬೇಕೋ ಅಳಬೇಕೋ? ನಾನು ನಕ್ಕೆ. ಆಗಿನ್ನೂ ಗುರುವಾರ ಬಂದಿರಲಿಲ್ಲ.

ಗುರುವಾರ ಟೀವಿಯಲ್ಲಿ ಗಂಡ ಮೊದಲ ಸಲ ರೊಟ್ಟಿ ಬಡಿಯುತ್ತಿದ್ದ. ರೊಟ್ಟಿ ಸುಟ್ಟು ಕರಕಲಾಗಿ, ಮನೆ ತುಂಬ ಹೊಗೆ. ಹೆಂಡತಿ ಏನೋ ಅಂದಳು. ಕಾಕಾ ಎಂದಿನಂತೆ ಕಿವಿ ಒಡ್ಡಿದರು.

ಕಾಕು ಆ ಕಿವಿಯ ಹತ್ತಿರ ಬಾಗಿದರು. ಆಮೇಲೆ, “ಎದಿ ಮ್ಯಾಲೆ ಒಂದು ಗಂಟು ಆಗೈತಿ, ಡಾಕ್ಟರಿಗೆ ತೋರಿಸ್ಕೊಳ್ಳಾಕ ಹೆದರಿಕಿ ಆಕ್ಕೈತಿ, ಅಂತಾಳ” ಎಂದರು. ಅಂಥ ಮಾತನ್ನೂ ಗಟ್ಟಿಯಾಗಿಯೇ ಹೇಳಬೇಕಿತ್ತು.

ಕಾಕಾ ಟೀವಿ ನೋಡಿದರು. ಅಲ್ಲಿ ಆಕೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವರು ಹಾಗೇ ನೋಡುತ್ತಲೇ ಇದ್ದರು. ಆಮೇಲೆ ಮೆಲ್ಲಗೆ ಕಾಕು ಕಡೆ ತಿರುಗಿದರು.

“ಆಕಿ ನಗಾಕತ್ತಾಳಲ್ಲ.”

ಕಾಕು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಕಾಕಾ ರಿಮೋಟ್ ಹುಡುಕಿ ಟೀವಿ ಆರಿಸಿದರು. ಯಾವಾಗಿನಿಂದ ಎಂದು ಕೇಳಿದರು. ಅಷ್ಟು ಸಣ್ಣ ದನಿ ಅವರದೆಂದು ನನಗೆ ನಂಬಲಾಗಲಿಲ್ಲ. ಕಾಕು ಏನೋ ಹೇಳಿದರು. ಕಾಕಾಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.

“ದೀಪಾವಳಿಯಿಂದ ಐತ್ರಿ. ನನಗ.”

ನಾಲ್ಕು ತಿಂಗಳು. ಅದೇ ಸೋಫಾ, ಅದೇ ಇಬ್ಬರು. ನಾಲ್ಕು ತಿಂಗಳು.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೊರಟೆವು ಎಂದುಕೊಂಡೆ. ಕಾಕಾ ರಿಕ್ಷಾವನ್ನು ಮೊದಲು ಕಿವಿಯ ಮಷಿನ್ ಅಂಗಡಿಗೆ ತಿರುಗಿಸಿದರು. ಎರಡು ವರ್ಷದ ಹಟ ಎಲ್ಲಿ ಹೋಯಿತು? ಕಾಕುವೇ ಬೆರಗಾಗಿ, ಡಾಕ್ಟರು ಹೇಳಿದ್ದನ್ನು ನಾನೇ ನಿಮಗೆ ಹೇಳುತ್ತಿದ್ದೆನಲ್ಲ ಎಂದರು. ಅದಕ್ಕೆ ಕಾಕಾ, “ಬ್ಯಾಡ. ನನಗ ತ್ರಾಸ ಆಗಬಾರದಂತ ನೀ ಬ್ಯಾರೆನ ಹೇಳ್ತಿ” ಎಂದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ಮುಖ ನೋಡಿ ಮಾತಾಡತೊಡಗಿದರು. (ವಯಸ್ಸಾದವರ ಕಾಯಿಲೆಯನ್ನು ಜೊತೆಗೆ ಬಂದವರಿಗೆ ವಿವರಿಸುವುದು ನಮ್ಮ ವಾಡಿಕೆ.) ಕಾಕಾ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. “ನನಗ ಹೇಳ್ರಿ. ನಾ ಆಕಿ ಗಂಡ. ನನಗ ಕೇಳಿಸ್ತೈತಿ.”

ಸೂಜಿ ಚುಚ್ಚಿ ಪರೀಕ್ಷೆ ಮಾಡಿದರು. ರಿಪೋರ್ಟಿಗೆ ಎಂಟು ದಿನ. ಆ ಎಂಟು ದಿನ ಕಾಕಾ ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ ಕಾಕು ಹಿಂದೆಯೇ ತಿರುಗಿದರು. ಪಾತ್ರೆಯ ಸದ್ದಿಗೆ ಬೆಚ್ಚುತ್ತಿದ್ದರು, ಆದರೂ ಮಷಿನ್ ತೆಗೆಯಲಿಲ್ಲ. ಒಂದು ಮಧ್ಯಾಹ್ನ, ಕಾಕುವನ್ನು ತಮ್ಮನ ಮದುವೆಗೆ ಹೋಗಗೊಡದಿದ್ದುದು ತನ್ನದೇ ತಪ್ಪು ಎಂದರಂತೆ. ಕಾಕು ನನಗೆ ಹೇಳುವಾಗ ಕಣ್ಣೊರೆಸಿಕೊಂಡರು.

ರಿಪೋರ್ಟ್ ಬಂತು. ಕೆಟ್ಟ ಗಂಟಲ್ಲ. ಸಣ್ಣ ಆಪರೇಷನ್ ಮಾಡಿ ತೆಗೆದರು. ಕಾಕು ಆರಾಮಾಗಿದ್ದಾರೆ.

ಈಗ ಕಾಕಾಗೆ ಧಾರಾವಾಹಿಯ ಒಂದೊಂದು ಮಾತೂ ಕೇಳಿಸುತ್ತದೆ. ಎರಡೇ ದಿನಕ್ಕೆ ಬೇಸರ ಬಂತು. “ಇಕಿ ಮಾತು ಭಾಳ ಸಪ್ಪಗ ಅದಾವು. ನೀ ಹೇಳೂದ ಛಲೋ ಇತ್ತು” ಎಂದರು. ಕಾಕು ಒಲೆಯ ಮೇಲೆ ಏನೂ ಇರದಿದ್ದರೂ ಅಡುಗೆಮನೆಗೆ ಎದ್ದು ಹೋದರು.

ಪೇಂಟಿನ ವಾಸನೆ ಹೋದ ಮೇಲೆ ಮನೆಗೆ ಮರಳಿದೆ. ಊಟಕ್ಕೆ ಕೂತಾಗ ಈ ಕಥೆಯನ್ನೆಲ್ಲ ಗಂಡನಿಗೆ ಹೇಳಿದೆ. ಪೂರ್ತಿ ಮುಗಿದ ಮೇಲೆ ಅವರು ಮೊಬೈಲಿನಿಂದ ಮುಖ ಎತ್ತಿ, “ಏನಂದಿ?” ಎಂದರು.

ಕಿವಿ ನೆಟ್ಟಗಿರುವವರಿಗೆ ಯಾವ ಅಂಗಡಿಯಲ್ಲಿ ಮಷಿನ್ ಸಿಗುತ್ತದೆ, ನಿಮಗೇನಾದರೂ ಗೊತ್ತೇ?