ಬಿಗಿಯಾದ ಬೂಟು ಮತ್ತು ಬ್ರಹ್ಮದಂಡಿ

ಬೆಳಗ್ಗೆ ಹಾಕಿಕೊಳ್ಳುವ ಬೂಟು ಇದ್ದಕ್ಕಿದ್ದಂತೆ ಬಿಗಿಯಾದರೆ ಮನುಷ್ಯನಾದವನು ಮೊದಲು ಬೂಟನ್ನು ಬೈಯುತ್ತಾನೆ, ಆಮೇಲೆ ಅದನ್ನು ಮಾರಿದವನನ್ನು ಬೈಯುತ್ತಾನೆ. ಸ್ವಂತ ಪಾದವನ್ನು ಸಂಶಯಿಸುವಷ್ಟು ವಿನಯ ಯಾರಿಗೂ ಇರುವುದಿಲ್ಲ. ನಾನಂತೂ ರಾಬರ್ಟ್‌ಸನ್‌ಪೇಟೆಯ ಶಾಲೆಯೊಂದರಲ್ಲಿ ಮೇಷ್ಟ್ರು. ತಪ್ಪೆಲ್ಲ ಎದುರಿಗಿರುವವರದೇ ಎಂದು ನಂಬುವುದು ನನ್ನ ವೃತ್ತಿಧರ್ಮ. ಬಂಗಾರಪೇಟೆಯ ಮನೆಯಿಂದ ಆ ಗಣಿಯೂರಿಗೆ ದಿನವೂ ರೈಲಿನಲ್ಲಿ ಓಡಾಡುತ್ತಿದ್ದ ಆ ಕಾಲದಲ್ಲಿ, ಹೊಸ ಬೂಟು ಕಚ್ಚಿದಾಗಲೆಲ್ಲ ಅಂಗಡಿಯವನ ವಂಶವನ್ನೇ ಮನಸ್ಸಿನಲ್ಲಿ ಜಾಲಾಡುತ್ತಿದ್ದೆ.

ನನ್ನ ನಿಜವಾದ ಚಿಂತೆ ಬೂಟಿನದಲ್ಲ, ದೊಡ್ಡಮ್ಮನದು. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳೇ. ಎರಡು ಬಿಂದಿಗೆ ನೀರು ತಂದರೆ ಸಾಕು, ಎದೆ ಹಿಡಿದುಕೊಂಡು ಗೋಡೆಗೆ ಒರಗುತ್ತಿದ್ದಳು. ಅದನ್ನು ನೋಡಿದ ಮುನಿಯಪ್ಪ, ಗಣಿಯ ಇಂಗ್ಲಿಷ್ ದೊರೆಯೊಬ್ಬನ ಬಂಗಲೆಯಲ್ಲಿ ಮಾಲಿಯಾಗಿದ್ದ ನಮ್ಮ ನೆರೆಯವನು, ಒಂದು ಸಂಜೆ ಸಮಾಚಾರ ತಂದ.

“ನಮ್ಮ ದೊರೆಸಾನಿ ಒಂದು ಮುಳ್ಳಿನ ಗಿಡ ಬೆಳೆಸವ್ಳೆ ಕಣಮ್ಮೋ. ಎಲೆ ಮ್ಯಾಲೆ ಆಲು ಚೆಲ್ದಂಗೆ ಬಿಳೀ ಗೆರೆ. ಅದರ ಬೀಜ ಅರ್ದು ಕುಡೀತಾಳೆ. ಎದೆಗೆ ಬಲು ಒಳ್ಳೇದಂತೆ.”

ಮುಳ್ಳಿನ ಗಿಡ, ಎಲೆಯ ಮೇಲೆ ಬಿಳಿ ಗೆರೆ ಎಂದ ಕೂಡಲೇ ದೊಡ್ಡಮ್ಮನಿಗೆ ಅರ್ಥವಾಗಿಹೋಯಿತು. ರೈಲುಹಳಿಯ ಪಕ್ಕದಲ್ಲಿ ಬೇಡವೆಂದರೂ ಬೆಳೆಯುವ ಬ್ರಹ್ಮದಂಡಿ! ದನ ಮೂಸದ, ಕತ್ತೆ ಕಣ್ಣೆತ್ತಿ ನೋಡದ ಆ ಕಳೆಗೆ ಬಂಗಲೆಯ ಕುಂಡದಲ್ಲಿ ಜಾಗ ಸಿಕ್ಕಿದೆಯೆಂಬ ವದಂತಿಯಿಂದಲೇ ಅದು ರಾತ್ರೋರಾತ್ರಿ ದಿವ್ಯೌಷಧಿಯ ಪದವಿಗೇರಿತು. ದೊಡ್ಡಮ್ಮ ಮಡಿಲು ತುಂಬ ಕಾಯಿ ತಂದಳು, ಸಾಸಿವೆಯಂಥ ಕರಿಯ ಬೀಜ ಬಿಡಿಸಿದಳು, ಹುರಿದು ಕುಟ್ಟಿ ಡಬ್ಬಿಗೆ ತುಂಬಿದಳು. ವಿದ್ಯಾವಂತನಾದ ನಾನು ಪ್ರಕೃತಿಯ ಔದಾರ್ಯದ ಬಗ್ಗೆ ಪುಟ್ಟ ಭಾಷಣವನ್ನೂ ಮಾಡಿದೆ. ದಿನವೂ ತೆಗೆದುಕೊಳ್ಳುತ್ತೀಯಾ ಎಂದು ಕೇಳಿದರೆ “ಊಂ, ಎಲ್ಲಾ ಆಯ್ತದೆ” ಎನ್ನುತ್ತಿದ್ದಳು.

ಕೆಲವು ವಾರಗಳ ಮೇಲೆ ಶಾಲೆ ಬಿಟ್ಟ ಹೊತ್ತಿನಲ್ಲಿ ಮುನಿಯಪ್ಪ ಕೆಲಸ ಮಾಡುವ ಬಂಗಲೆಯ ಕಡೆ ಹೋದೆ. ಅವನು ಹೆಮ್ಮೆಯಿಂದ ಗಿಡ ತೋರಿಸಿದ. ಮುಳ್ಳಿತ್ತು, ಹಾಲಿನ ಗೆರೆಯಿತ್ತು, ತುದಿಯಲ್ಲಿ ಮುಷ್ಟಿಗಾತ್ರದ ನೇರಳೆ ಹೂವಿತ್ತು. ನೇರಳೆ! ಬ್ರಹ್ಮದಂಡಿಯ ಹೂವು ಅಚ್ಚ ಹಳದಿ.

“ಇದೇನಾ ಆ ಗಿಡ?” ಎಂದೆ.

“ಇದೇ ಸಾಮಿ. ಸೀಮೆಯಿಂದ ಬೀಜ ತರಿಸವ್ರೆ. ನಮ್ ಕಡೆ ಎಲ್ಲಿ ಬತ್ತದೆ?”

ಅಲ್ಲಿಂದ ನೇರವಾಗಿ ಪೇಟೆಯಲ್ಲಿ ನನಗೆ ಪರಿಚಯವಿದ್ದ ಡಾಕ್ಟರರ ಬಳಿಗೆ ಓಡಿದೆ. ಆ ನೇರಳೆ ಹೂವಿನದನ್ನು ಸೀಮೆಯವರು ಪಿತ್ತಕೋಶಕ್ಕೆಂದು ಬಳಸುತ್ತಾರೆ, ಹೃದಯಕ್ಕೂ ಒಳ್ಳೆಯದೆಂದು ಕೆಲವರಿಗೆ ಆಸೆಯಿದೆ, ಖಚಿತವಾಗಿ ಯಾರೂ ಹೇಳಲಾರರು ಎಂದರು. ಬ್ರಹ್ಮದಂಡಿಯ ಹೆಸರೆತ್ತಿದೊಡನೆ ಕುರ್ಚಿಯಿಂದ ಎದ್ದೇಬಿಟ್ಟರು. ಅದರ ಬೀಜ ವಿಷ. ಮೊದಲು ಕಾಲು ಊದುತ್ತದೆ, ಆಮೇಲೆ ಉಸಿರು ಕಟ್ಟುತ್ತದೆ, ಕೊನೆಗೆ ಹೃದಯವೇ ಕೈಕೊಡುತ್ತದೆ.

ಬಂಗಾರಪೇಟೆಯ ರೈಲು ಅಂದಿನಷ್ಟು ನಿಧಾನವಾಗಿ ಎಂದೂ ಚಲಿಸಿದ್ದಿಲ್ಲ. ಹಳಿಯುದ್ದಕ್ಕೂ ಹಳದಿ ಹೂವುಗಳು ತಲೆದೂಗುತ್ತಿದ್ದವು. ಅವನ್ನು ನೋಡಲಾರದೆ ಕಣ್ಣುಮುಚ್ಚಿ ಕುಳಿತೆ. ದೊಡ್ಡಮ್ಮ ಹೋಗಿಬಿಟ್ಟರೆ ನನಗೆ ಯಾರಿದ್ದಾರೆ ಎಂಬುದೊಂದೇ ಯೋಚನೆ. ನಿಲ್ದಾಣದಿಂದ ಏದುಸಿರು ಬಿಡುತ್ತ ಮನೆಗೆ ಬಂದವನೇ ಅವಳ ಪಾದ ಹಿಡಿದು ಹೆಬ್ಬೆರಳಿನಿಂದ ಒತ್ತಿದೆ. ಒಣಗಿದ ಸೌದೆಯಂಥ ಕಾಲು, ಊತದ ಸುಳಿವೇ ಇಲ್ಲ.

“ಕಾಲ್ ಯಾಕ್ಲಾ ಇಡಿತೀಯಾ, ಬುಡು!” ಎಂದು ನಾಚಿ ಸೀರೆ ಎಳೆದುಕೊಂಡಳು.

“ಆ ಪುಡಿ ಎಷ್ಟು ತಿಂದೆ?”

“ನಾನೆಲ್ ತಿಂದೆ? ಮನೇಲಿ ಗಂಡ್ಸು ಉಣ್ಣೋಕ್ ಮುಂಚೆ ಎಂಗ್ಸು ಔಸ್ದಿ ತಿಂತಾಳಾ? ದಿನಾ ನಿನ್ ಚಟ್ನಿಗೇ ಆಕ್ತಾ ಇವ್ನಿ. ನಿಮ್ಮಪ್ಪಂದೂ ಇಂಗೇ ಏದುಸ್ರು, ಎದೆ ನಿಂತೇ ಓದ. ಈಚ್ಗೆ ನೀನೂ ಏದ್ತಾ ಇದ್ದೆ, ಅದ್ಕೇ ಇನ್ನೊಂದ್ ಚಿಟಿಕೆ ಜಾಸ್ತಿ ಮಾಡ್ದೆ. ನಿಂಗ್ ವಾಸಿಯಾಗಿ ಮಿಕ್ಕಿದ್ರೆ ನಂಗೆ ಅಂತ.”

ನಾನು ಅಲ್ಲೇ ನೆಲದ ಮೇಲೆ ಕುಳಿತೆ. ಬೂಟು ಬಿಚ್ಚಲು ಹೋದರೆ ಅದು ಬರಲೊಲ್ಲದು. ಕಿತ್ತು ತೆಗೆದು ಕಾಲನ್ನು ಒತ್ತಿದೆ. ಹೆಬ್ಬೆರಳು ಮೂಡಿಸಿದ ಗುಳಿ ಹಾಗೆಯೇ ಉಳಿಯಿತು. ನಾನೂ ಅದನ್ನೇ ನೋಡಿದೆ, ಅವಳೂ ನೋಡಿದಳು. ವಿಷಯ ತಿಳಿಸಿದಾಗ ಅವಳು ಅಳಲಿಲ್ಲ. ಡಬ್ಬಿಯನ್ನು ತಿಪ್ಪೆಯಲ್ಲಿ ಹೂತು ಬಂದು ನನ್ನ ಕಾಲನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕುಳಿತಳು.

ಡಾಕ್ಟರರ ಆರೈಕೆಯಲ್ಲಿ ಬಹುಕಾಲ ಮಲಗಿ ಎದ್ದೆ. ಬೂಟಿನಂಗಡಿಯವನಿಗೆ ಮನಸ್ಸಿನಲ್ಲೇ ಕ್ಷಮಾಪಣೆಯನ್ನೂ ಸಲ್ಲಿಸಿದ್ದೇನೆ. ಈಗ ಬೂಟು ಸಲೀಸಾಗಿ ಕಾಲಿಗೆ ಹೋಗುತ್ತದೆ. ಆದರೆ ಅದಕ್ಕೆ ಮೊದಲು ಊಟದ ಮುಂದೆ ನಾನು ಸ್ವಲ್ಪ ಕಾಯಬೇಕು. ಹುಟ್ಟಿದಾಗಿನಿಂದ ಗಂಡಸರ ತಟ್ಟೆ ಎತ್ತಿದ ಮೇಲೆಯೇ ಉಂಡ ದೊಡ್ಡಮ್ಮ, ಈಗ ದಿನವೂ ನನ್ನ ಮುದ್ದೆಯಿಂದ ಮೊದಲ ತುತ್ತು ಮುರಿದು, ಚಟ್ನಿಯಲ್ಲಿ ಅದ್ದಿ, ತಾನೇ ನುಂಗುತ್ತಾಳೆ. ಎದೆಯ ಮೇಲೆ ಕೈಯಿಟ್ಟುಕೊಂಡು ಕೊಂಚ ಹೊತ್ತು ಕೂರುತ್ತಾಳೆ. ಆಮೇಲೆ ತಟ್ಟೆಯನ್ನು ನನ್ನ ಕಡೆ ಸರಿಸಿ “ಇವಾಗ ಉಣ್ಣು” ಎನ್ನುತ್ತಾಳೆ.